ಸಾಕ್ಷಿಯ ಜಾಗ

ಹೆಸರಿನ ಅವಧಿ ಗುರುವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ‘ಸಮಪಾದ’ ಎಂಬ ಹೆಸರನ್ನು ನೋಂದಣಿ ಕಚೇರಿಯವರು ಇಪ್ಪತ್ತು ದಿನ ಕಾದಿರಿಸಿ ಕೊಟ್ಟಿದ್ದರು. ಅಷ್ಟರೊಳಗೆ ಕಂಪನಿಯ ಕಾಗದಗಳೆಲ್ಲ ಅವರ ಕೈ ಸೇರದಿದ್ದರೆ ಹೆಸರು ಬೀದಿಗೆ ಬಿದ್ದಂತೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆ ಇಪ್ಪತ್ತನೆಯ ದಿನ ಬೆಳಿಗ್ಗೆ ಹನ್ನೊಂದಾದರೂ ಅಳತೆಯಮ್ಮ ಒಬ್ಬ ಮುದುಕರ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅತ್ತಿಗೆ, ಏಳಿ. ಏಜೆಂಟು ಆಗ್ಲೇ ಎರಡು ಸಲ ಫೋನ್ ಮಾಡ್ದ," ಎಂದ ಮೈದುನ, ಬಾಗಿಲಲ್ಲೇ ನಿಂತು.

"ಹಿಮ್ಮಡಿ ಒಂದು ಅಳೆದುಬಿಡ್ತೀನಿ, ಇರು."

"ನಿನ್ನೆ ಅಳೆದಿದ್ರಲ್ಲ?"

"ನಿನ್ನೆ ಊದಿತ್ತು. ಇವತ್ತು ಇಳಿದಿದೆ."

ಅಳತೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಒಂದು ಕಾಲು ಗಿಡ್ಡವಾದವರಿಗೆ, ಪಾದ ಒಳಕ್ಕೆ ತಿರುಚಿಕೊಂಡೇ ಹುಟ್ಟಿದವರಿಗೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಮಾಯದ ಹುಣ್ಣಾದವರಿಗೆ ಅವಳು ಬೂಟು ಮಾಡುತ್ತಿದ್ದಳು. ಅಂಗಡಿಯ ಯಾವ ಜೋಡೂ ಇಂಥವರ ಕಾಲಿಗೆ ಒಗ್ಗುವುದಿಲ್ಲ. ಒಬ್ಬೊಬ್ಬರ ಪಾದಕ್ಕೂ ಮೊದಲು ಮರದಲ್ಲಿ ಅಚ್ಚು ಕೆತ್ತಬೇಕು, ಆಮೇಲೆ ಅದರ ಮೇಲೆ ಚರ್ಮ ಎಳೆದು ಕೂರಿಸಬೇಕು. ಆ ಕೆಲಸ ಕಲಿಸಿದ್ದು ಮಾವ. ಸೊಸೆಯಾಗಿ ಬಂದ ಎರಡನೇ ತಿಂಗಳಿಗೇ ಅವಳ ಕೈ ನೋಡಿ, "ಇದು ಉಳಿ ಹಿಡಿಯೋ ಕೈ," ಎಂದು ತಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿಕೊಂಡಿದ್ದರು. ಅವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅತ್ತೆ ಇವತ್ತಿಗೂ ಕಿಟಕಿಯ ಪಕ್ಕದ ಮಿಷನ್ನಿನಲ್ಲಿ ಬೂಟಿನ ಮೇಲ್ಭಾಗ ಹೊಲಿಯುತ್ತಿದ್ದರು. ಮನೆಯೂ ಅವರ ಹೆಸರಿನಲ್ಲೇ ಇತ್ತು. ಕೆಳಗೆ ಕೆಲಸದ ಕೋಣೆ, ಮೇಲೆ ವಾಸ. ಅಳತೆಯಮ್ಮನ ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ, ಚರ್ಮದ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಹೊರಗಿನ ಓಡಾಟವೆಲ್ಲ ಅವನ ತಮ್ಮನದು. ಚರ್ಮ ತರುವುದು, ಡಾಕ್ಟರುಗಳನ್ನು ಕಾಣುವುದು, ಸಿದ್ಧವಾದ ಬೂಟನ್ನು ತಲುಪಿಸುವುದು. ಮಾತಿನ ಮಲ್ಲ. ಆಸ್ಪತ್ರೆಯ ಕಾವಲುಗಾರನ ಜೊತೆಗೂ ಹತ್ತೇ ನಿಮಿಷದಲ್ಲಿ ನೆಂಟಸ್ತಿಕೆ ಹುಡುಕಿಬಿಡುತ್ತಿದ್ದ.

ಹಿಂದಿನ ಬೀದಿಯ ದೊಡ್ಡ ಆಸ್ಪತ್ರೆಯ ಮೂಳೆ ಡಾಕ್ಟರು ವರ್ಷಗಟ್ಟಲೆ ಚೀಟಿ ಬರೆದು ರೋಗಿಗಳನ್ನು ಇವರ ಬಳಿಗೆ ಕಳಿಸುತ್ತಿದ್ದರು. ಆದರೆ ಆಸ್ಪತ್ರೆಯ ಕಾಯಿದೆ ಬದಲಾಗಿತ್ತು. ಇನ್ನು ಮುಂದೆ ನೋಂದಾಯಿತ ಕಂಪನಿಗೆ ಮಾತ್ರ ಕೆಲಸ. ನೋಂದಣಿಯ ಪ್ರಮಾಣಪತ್ರ ಸೋಮವಾರದೊಳಗೆ ಖರೀದಿ ವಿಭಾಗಕ್ಕೆ ತಲುಪಬೇಕು. ಗುರುವಾರ ಕಾಗದ ಸಲ್ಲಿಸಿದರೆ ಶನಿವಾರ ಪ್ರಮಾಣಪತ್ರ ಸಿಗುತ್ತದೆ ಎಂದು ಏಜೆಂಟು ಲೆಕ್ಕ ಹಾಕಿದ್ದ. ಕಂಪನಿ ಮಾಡೋಣ ಎಂದು ಹೊರಟವನು ಮೈದುನ. ಅಳತೆಯಮ್ಮ, "ಮಾಡು, ಆದ್ರೆ ಇಬ್ಬರೂ ಇರೋಣ ಅದ್ರಲ್ಲಿ," ಎಂದಿದ್ದಳು. ಅವನು, "ಅದನ್ನ ಹೇಳ್ಬೇಕಾ ಅತ್ತಿಗೆ!" ಎಂದಿದ್ದ.

ಏಜೆಂಟಿನ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಫ್ಯಾನು ತಿರುಗುವ ರಭಸಕ್ಕೆ ಮೇಜಿನ ಮೇಲಿನ ಕಾಗದಗಳು ಹಾರದಂತೆ ಒಂದೊಂದು ಕಟ್ಟಿನ ಮೇಲೂ ಏನಾದರೊಂದು ಭಾರ ಇಟ್ಟಿದ್ದ: ಬೀಗ, ಪಂಚಿಂಗ್ ಮಿಷನ್, ಒಂದು ಕಲ್ಲು. ಅವನು ಕಡತವನ್ನು ಅವಳ ಮುಂದೆ ತಿರುಗಿಸಿ, ಹಳದಿ ಚೀಟಿ ಅಂಟಿಸಿದ ಪುಟಗಳನ್ನಷ್ಟೇ ಬಿಚ್ಚುತ್ತ ಹೋದ.

"ಇಲ್ಲೊಂದು ಸಹಿ ಮಾಡಿಮ್ಮಾ. ಮಾಮೂಲಿ ಕಾಗದ."

ಮಾಡಿದಳು.

"ಇಲ್ಲೊಂದು."

ಪುಟದ ಮೇಲರ್ಧವನ್ನು ಅವನ ಅಂಗೈ ಮುಚ್ಚಿತ್ತು. ಅವಳು ಲೇಖನಿ ಕಾಗದಕ್ಕೆ ತಾಗಿಸಿದವಳು ತಡೆದಳು.

"ಕೈ ತೆಗೀರಿ ಸ್ವಲ್ಪ."

"ಓದೋಕೆ ಏನೂ ಇಲ್ಲಮ್ಮಾ. ಎಲ್ಲಾ ಕಂಪನಿಗೂ ಇದೇ ಇರೋದು. ನಾಲ್ಕು ಗಂಟೆಗೆ ಕಿಟಕಿ ಮುಚ್ತಾರೆ. ಮುಖ್ಯರಸ್ತೆ ಬೂಟಿನ ಅಂಗಡಿಯವರು ಇದೇ ಹೆಸರಿಗೆ ಬಾಯಿ ತೆರ್ಕೊಂಡು ಕೂತಿದಾರೆ, ಗೊತ್ತಾ?"

"ಓದೋಕೆ ಐದು ನಿಮಿಷ ಸಾಕು ನನಗೆ."

ಮೈದುನ ಕಿಟಕಿಯ ಕಡೆಗೆ ಹೋಗಿ ನಿಂತ. ಅವನು ಸುಮ್ಮನಿದ್ದದ್ದೇ ಅವಳಿಗೆ ಮೊದಲು ತಟ್ಟಿದ ಸಂಗತಿ. ಐದು ನಿಮಿಷ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ ಅವನು.

ಪುಟದಲ್ಲಿ ಒಂದು ಪಟ್ಟಿಯಿತ್ತು. ಕಂಪನಿಯನ್ನು ಸ್ಥಾಪಿಸುವವರ ಹೆಸರು, ವಿಳಾಸ, ತೆಗೆದುಕೊಳ್ಳುವ ಷೇರುಗಳು. ಹೆಸರಿನ ಸಾಲಿನಲ್ಲಿ ಮೈದುನನೊಬ್ಬನೇ ಇದ್ದ. ಷೇರು ನೂರಕ್ಕೆ ನೂರು ಅವನದೇ. ಪುಟದ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ ಅವಳ ಹೆಸರು ಅಚ್ಚಾಗಿತ್ತು. ಅದರ ಎಡಕ್ಕೆ ಒಂದೇ ಪದ: ಸಾಕ್ಷಿ.

ಅವಳು ಮೊದಲು ಸಹಿ ಮಾಡಿದ್ದ ಪುಟವನ್ನು ತಿರುವಿದಳು. ಕೋಣೆಯಲ್ಲಿರುವ ಮುನ್ನೂರ ಹನ್ನೆರಡು ಮರದ ಅಚ್ಚುಗಳು, ಉಳಿ, ಸುತ್ತಿಗೆ, ಹೊಲಿಗೆ ಮಿಷನ್ನು, ಎಲ್ಲವೂ ಇವತ್ತಿನಿಂದ ಕಂಪನಿಯ ಸ್ವತ್ತು ಎಂದು ಬರೆದಿತ್ತು. ಆ ಒಂದೊಂದು ಅಚ್ಚಿನ ಹಿಮ್ಮಡಿಯಲ್ಲೂ ಒಬ್ಬೊಬ್ಬರ ಹೆಸರನ್ನು ಅವಳು ಕೈಯಾರೆ ಕೊರೆದಿದ್ದಳು.

"ಇದೇನಪ್ಪಾ?" ಎಂದಳು. ದನಿ ಏರಲಿಲ್ಲ.

ಮೈದುನ ತಿರುಗಿದ. "ಅತ್ತಿಗೆ, ಅದೆಲ್ಲಾ ಬರೀ ಕಾಗದಕ್ಕೆ. ಇಬ್ಬರು ಅಂದ್ರೆ ಒಂದೊಂದಕ್ಕೂ ಇಬ್ಬರ ಸಹಿ, ಇಬ್ಬರ ತಲೆನೋವು. ಮೊದ್ಲು ನೋಂದಣಿ ಆಗ್ಲಿ, ಆಮೇಲೆ ನಿಮ್ಮನ್ನ ಸೇರಿಸ್ಕೊಂಡ್ರಾಯ್ತು."

"ಆಮೇಲೆ ಅಂದ್ರೆ ಯಾವಾಗ?"

"ಆಮೇಲೆ ಅಂದ್ರೆ... ಆಮೇಲೆ."

ಅವಳು ಕಡತ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. "ಅಮ್ಮಾ, ಅದು ಆಫೀಸಿನ ಕಡತ!" ಎಂದು ಏಜೆಂಟು ಕೂಗುವಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಾಗಿತ್ತು. ಬೀದಿಗೆ ಬಂದ ಮೇಲಷ್ಟೇ ಅವಳು ನಿಂತಳು. ಗಂಡನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಅವನು ಸ್ಟಿಯರಿಂಗ್ ಹಿಡಿದಿರುವ ಹೊತ್ತು ಅದು. ಹಿಡಿಯದಿದ್ದರೂ ಏನು ಹೇಳುತ್ತಿದ್ದ? ಅವನಿಗೆ ಅವಳು ಹೆಂಡತಿ, ಇವನು ಒಡಹುಟ್ಟಿದವನು.

ನೋಂದಣಿ ಕಚೇರಿ ಎರಡು ಬೀದಿ ಆಚೆಗಿತ್ತು. ಮೂರನೇ ಕಿಟಕಿಯ ಹಿಂದೆ ನಡುವಯಸ್ಸಿನ ಮಹಿಳಾ ಅಧಿಕಾರಿಯೊಬ್ಬರು ಕೂತಿದ್ದರು. ಹಲ್ಲುನೋವೋ ಏನೋ, ಎಡಗೆನ್ನೆ ಊದಿಕೊಂಡಿತ್ತು. ಕರವಸ್ತ್ರ ಒತ್ತಿಕೊಂಡು ಬಾಯಿಯ ಒಂದೇ ಬದಿಯಿಂದ ಮಾತಾಡುತ್ತಿದ್ದರು.

"ಸಲ್ಲಿಸೋಕಾ?"

"ಅಲ್ಲ ಮೇಡಂ, ಕೇಳೋಕೆ. ಇದ್ರಲ್ಲಿ ನಾನು ಯಾರು ಅಂತ ಹೇಳ್ಬೇಕು ನೀವು."

ಅಧಿಕಾರಿ ಅವಳನ್ನೊಮ್ಮೆ ನೋಡಿ ಕಡತ ಬಿಚ್ಚಿದರು. ಬೆರಳು ಸಾಲುಗಳ ಮೇಲೆ ಸರಸರನೆ ಓಡಿತು. "ನೀವು ಸಾಕ್ಷಿ. ಅವರು ಸಹಿ ಮಾಡಿದ್ದನ್ನ ನೋಡಿದೀರಿ, ಅಷ್ಟೇ. ಷೇರು ಇಲ್ಲ. ನಿರ್ದೇಶಕರ ಪಟ್ಟಿಯಲ್ಲೂ ಹೆಸರಿಲ್ಲ."

"ಆಮೇಲೆ ಸೇರಿಸ್ತೀನಿ ಅಂತಾನೆ."

"ಸೇರಿಸಬಹುದು. ಅವರಿಗೆ ಮನಸ್ಸಿದ್ರೆ. ಮನಸ್ಸಿಲ್ಲಾಂದ್ರೆ ಸೇರಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಒಬ್ಬರೇ ಕಂಪನಿ ಮಾಡೋದು ತಪ್ಪೇನಲ್ಲಮ್ಮಾ. ಕಾಗದ ಎಲ್ಲಾ ಸರಿಯಾಗೇ ಇದೆ."

ಸರಿಯಾಗೇ ಇದೆ ಎಂಬ ಮಾತು ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು.

"ಈಗ ಬದಲಾಯಿಸಿದ್ರೆ?"

ಅಧಿಕಾರಿ ಗೋಡೆಯ ಗಡಿಯಾರ ನೋಡಿದರು. ಒಂದೂ ಹತ್ತು. "ಸ್ಥಾಪಕರ ಪುಟ ಹೊಸದಾಗಿ ಬೇಕು. ಎಷ್ಟು ಷೇರು ಅನ್ನೋದನ್ನ ಒಬ್ಬೊಬ್ಬರೂ ತಮ್ಮ ಕೈಬರಹದಲ್ಲಿ ಬರೆದು ನೋಟರಿ ಎದುರಿಗೆ ಸಹಿ ಹಾಕ್ಬೇಕು. ನಿರ್ದೇಶಕರಾಗೋಕೆ ಒಪ್ಪಿಗೆ ಪತ್ರ, ಗುರುತಿನ ಚೀಟಿ. ಕಂಪನಿಯ ವಿಳಾಸಕ್ಕೆ ಮನೆ ಯಾರದು?"

"ಅತ್ತೇದು."

"ಅವರ ಒಪ್ಪಿಗೆಯೂ ಹೊಸದಾಗಿ ಬೇಕು. ಎಲ್ಲಾ ನಾಲ್ಕರೊಳಗೆ ಇಲ್ಲಿರಬೇಕು. ನಾಲ್ಕು ಅಂದ್ರೆ ನಾಲ್ಕೇ. ನಾನಲ್ಲ, ಕಂಪ್ಯೂಟರ್ ಮುಚ್ಕೊಳ್ಳುತ್ತೆ."

ಅವಳು ಹೊರಡಲು ತಿರುಗಿದಾಗ ಮೈದುನ ಬೆನ್ನ ಹಿಂದೆಯೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಇಬ್ಬರೂ ಮನೆಗೆ ನಡೆದರು. ಕೆಲಸದ ಕೋಣೆಗೆ ಕಾಲಿಟ್ಟದ್ದೇ ತಡ, ಅವನು ಸಿಡಿದುಬಿದ್ದ.

"ಏನು ಅತ್ತಿಗೆ, ನಾನು ಕಳ್ಳನಾ? ಕಿಟಕಿ ಮುಂದೆ ಹೋಗಿ ನನ್ನ ಮಾನ ಹರಾಜು ಹಾಕ್ತೀರಲ್ಲ!"

"ಹರಾಜು ಹಾಕೋಕೆ ನಿನ್ನ ಹೆಸರು ಹೇಳಿದ್ನಾ? ನಾನ್ಯಾರು ಅಂತ ಕೇಳ್ದೆ. ಸಾಕ್ಷಿ ಅಂದ್ರು."

ಮಿಷನ್ನಿನ ಸದ್ದು ನಿಂತಿತು. ಅತ್ತೆ ಕನ್ನಡಕ ಹಣೆಗೇರಿಸಿ ಇಬ್ಬರನ್ನೂ ನೋಡಿದರು. "ಏನಾಯ್ತು?"

ಅಳತೆಯಮ್ಮ ಕಡತವನ್ನು ಕತ್ತರಿಸುವ ಮೇಜಿನ ಮೇಲೆ ಬಿಚ್ಚಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆ ಎರಡು ದಿನದ ಹಿಂದೆ ಸಹಿ ಮಾಡಿಕೊಟ್ಟಿದ್ದ ಮನೆಯ ಒಪ್ಪಿಗೆ ಪತ್ರವೂ ಅದರಲ್ಲಿತ್ತು. ಅದರ ಪ್ರಕಾರ ಕೆಳಗಿನ ಕೋಣೆಯನ್ನು ಅವರು ಮಗನೊಬ್ಬನ ಕಂಪನಿಗೆ ಬಿಟ್ಟುಕೊಟ್ಟಿದ್ದರು.

"ಲೈಟಿನ ಆಫೀಸಿಗೆ ಅಂದಿದ್ದೆ ನೀನು," ಎಂದರು ಮಗನಿಗೆ.

"ಅಮ್ಮಾ, ನೀನು ಸುಮ್ಮನಿರು." ಅವನು ಅತ್ತಿಗೆಯ ಕಡೆಗೇ ತಿರುಗಿದ. "ಹೇಳ್ತೀನಿ ಕೇಳಿ. ಬೂಟು ನೀವು ಮಾಡ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಆ ಡಾಕ್ಟರ ಬಾಗಿಲಲ್ಲಿ ಬೆಂಚು ಸವೆಸಿದ್ದು ಯಾರು? ನಾಯಿ ಕಾದ ಹಾಗೆ ಕಾದಿದೀನಿ. ನಾನಿಲ್ದಿದ್ರೆ ನಿಮ್ಮ ಬೂಟು ಈ ಬೀದಿ ದಾಟ್ತಿರ್ಲಿಲ್ಲ."

"ನಿಜ," ಎಂದಳು ಅವಳು.

ಜಗಳಕ್ಕೆ ಸಿದ್ಧನಾಗಿದ್ದವನಿಗೆ ಆ ಒಂದು ಪದ ಸಿಕ್ಕಿ ಮಾತು ತಡವರಿಸಿತು. ಮತ್ತೆ ಬಂದಾಗ ದನಿ ಬೇರೆಯಾಗಿತ್ತು.

"ಅಪ್ಪ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರು. ಆಗ ನನಗೆ ಹತ್ತೊಂಬತ್ತು. ನನ್ನ ಕೈಯಿಂದ ಉಳಿ ಕಿತ್ಕೊಂಡು, ‘ಮರ ಹಾಳು ಮಾಡ್ಬೇಡ, ಹೊರಗೆ ಹೋಗಿ ಚರ್ಮ ತಗೊಂಬಾ’ ಅಂದ್ರು. ಅವತ್ತಿಂದ ಹೊರಗೇ ಇದೀನಿ. ನಾಳೆ ನೀವು ಎದ್ದು ಬೇರೆ ಬೀದೀಲಿ ಕೂತ್ರೂ ಜನ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ. ನನ್ನನ್ನ ಯಾರು ಹುಡುಕ್ತಾರೆ? ಒಂದು ಕಾಗದದ ಮೇಲಾದ್ರೂ ನನ್ನ ಹೆಸರಿರಲಿ ಅಂತ..."

ಅಳತೆಯಮ್ಮನಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು, ಅದಕ್ಕೆ ಅವಳು ತಯಾರಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ.

"ನಿನ್ನ ಹೆಸರು ಇರ್ಬಾರ್ದು ಅಂತ ನಾನಂದ್ನಾ?" ಎಂದಳು ಕೊನೆಗೆ. "ನನ್ನದನ್ನ ತೆಗೆದು ನಿನ್ನದನ್ನ ಹಾಕ್ಬೇಡ ಅಂದೆ. ಅರ್ಧ ನಿನಗೆ, ಅರ್ಧ ನನಗೆ. ಅಚ್ಚುಗಳು ಮಾತ್ರ ನನ್ನವೇ. ಕಂಪನಿ ಕೆಲಸಕ್ಕೆ ನಾನು ಕೊಟ್ಟಿರ್ತೀನಿ. ಒಪ್ತೀಯಾ?"

ಅವನು ಉತ್ತರ ಕೊಡುವ ಮೊದಲೇ ಅತ್ತೆ ಬಾಯಿ ಹಾಕಿದರು.

"ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ?"

ಇಬ್ಬರೂ ತಿರುಗಿದರು.

"ಮೂವತ್ತೆಂಟು ವರ್ಷದಿಂದ ಈ ಮಿಷನ್ ತುಳೀತಿದೀನಿ. ನಿಮ್ಮಪ್ಪ ಏಳೋಕೆ ಮುಂಚೆ ಎದ್ದು, ಅವರು ಮಲಗಿದ್ಮೇಲೆ ಮಲಗಿದೀನಿ. ಇವಳು ಅರ್ಧ, ನೀನು ಅರ್ಧ. ನಾನು? ನಾನು ಮಿಷನ್ನಿನ ಜೊತೆ ಬಂದ ಸ್ಟೂಲಾ?" ಅವರು ಕಾಲು ಕೆಳಗಿಟ್ಟು ಮೊಣಕಾಲು ಹಿಡಿದು ಎದ್ದರು. "ನನ್ನ ಹೆಸರೂ ಹಾಕಿ. ಇಲ್ಲಾಂದ್ರೆ ಮನೆ ಕಾಗದಕ್ಕೆ ಸಹಿ ಇಲ್ಲ."

ಅಳತೆಯಮ್ಮನಿಗೆ ಆ ಗಡಿಬಿಡಿಯಲ್ಲೂ ನಗು ಬಂತು. ಮೈದುನ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ. ಆಮೇಲೆ, ನೆಲ ನೋಡುತ್ತಲೇ, "ನಲವತ್ತು, ನಲವತ್ತು, ಇಪ್ಪತ್ತು," ಎಂದ.

ಗಂಟೆ ಎರಡು ದಾಟಿತ್ತು.

ಏಜೆಂಟಿನ ಮೆಟ್ಟಿಲು ಹತ್ತುವ ಬದಲು ಅವರು ಕೆಳಗಿನ ಜೆರಾಕ್ಸ್ ಅಂಗಡಿಗೇ ಹೋದರು. ಅಂಗಡಿಯವನು ದಿನವಿಡೀ ಇಂಥ ಕಾಗದಗಳನ್ನೇ ಬೆರಳಚ್ಚು ಮಾಡುವವನು. ನಿರ್ದೇಶಕರ ಪಟ್ಟಿಯಲ್ಲಿ ಒಂದಿದ್ದ ಹೆಸರನ್ನು ಮೂರು ಮಾಡಿದ. ಅಚ್ಚುಗಳ ಕಾಗದವನ್ನು ಅಳತೆಯಮ್ಮ ಹೇಳಿದ ಹಾಗೆ ಹೊಸದಾಗಿ ಬರೆದ. ಹಳೆಯದನ್ನು ಅವಳು ಅಲ್ಲೇ ನಾಲ್ಕು ಚೂರು ಮಾಡಿದಳು. ಮನೆಯ ಒಪ್ಪಿಗೆ ಪತ್ರ ಹೊರಬರುವಾಗ ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡಿತು. ಅಂಗಡಿಯವನು ಮುಚ್ಚಳ ತೆರೆದು ಚಿಮುಟದಿಂದ ಅದನ್ನು ಎಳೆಯುವಾಗ ಮೂವರೂ ಅವನ ಬೆರಳನ್ನೇ ನೋಡಿದರು. ಹನ್ನೊಂದು ನಿಮಿಷ ಹೋಯಿತು.

ನೋಟರಿಯ ಬಳಿ ಸರದಿಯಿತ್ತು. ಇವರ ಪಾಳಿ ಬಂದಾಗ ಮೂರೂ ಇಪ್ಪತ್ತೈದು. ನೋಟರಿ ಸ್ಥಾಪಕರ ಪುಟವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿದರು. "ಅಂಕೆಯಲ್ಲೂ ಅಕ್ಷರದಲ್ಲೂ ಬರೀಬೇಕು. ತಿದ್ದೋ ಹಾಗಿಲ್ಲ. ತಿದ್ದಿದ್ರೆ ಪುಟವೇ ರದ್ದು."

ಮೊದಲ ಸಾಲು ಮೈದುನನದು. ಲೇಖನಿ ತೆಗೆದುಕೊಂಡು ಬಗ್ಗಿದವನು ಹಾಗೇ ನಿಂತ. ಷೇರಿನ ಮನೆ ಖಾಲಿಯಿತ್ತು. ಇನ್ನೂ ಏನು ಬೇಕಾದರೂ ಬರೆಯಬಹುದಿತ್ತು. ಬೇರೆ ಅಂಕೆ ಬರೆದರೆ ಪುಟ ಹಾಳು, ದಿನವೂ ಹಾಳು, ಇಷ್ಟು ಹೊತ್ತಿನ ಓಡಾಟವೂ ಹಾಳು. ಅವನು ಒಮ್ಮೆ ತಾಯಿಯ ಕಡೆ ನೋಡಿ, ನಿಧಾನವಾಗಿ ನಲವತ್ತು ಎಂದು ಬರೆದು ಸಹಿ ಹಾಕಿದ. ಲೇಖನಿಯನ್ನು ಅತ್ತಿಗೆಯ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟ. ಅವಳು ಎತ್ತಿಕೊಂಡು ಬರೆದಳು.

ಅತ್ತೆ ಕೊನೆಯವರು. ಕುರ್ಚಿ ಎಳೆದು ಕೂತು, ಕನ್ನಡಕ ಸರಿ ಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಹೊಲಿಗೆ ಹಾಕಿದಂತೆ ಹಾಕಿದರು.

ಕಿಟಕಿ ತಲುಪಿದಾಗ ಮೂರೂ ನಲವತ್ತೆಂಟು. ಅಧಿಕಾರಿ ಕೆನ್ನೆಯ ಕರವಸ್ತ್ರ ಬದಿಗಿಟ್ಟು ಪುಟಗಳನ್ನು ಒಂದೊಂದಾಗಿ ನೋಡಿದರು. ಒಂದೊಂದಕ್ಕೂ ಸಣ್ಣಗೆ ತಲೆಯಾಡಿಸಿದರು. ಮೂರೂ ಐವತ್ತೆರಡಕ್ಕೆ ಅತ್ತೆಯ ಗುರುತಿನ ಚೀಟಿ ಕೈಗೆತ್ತಿಕೊಂಡವರು ತಡೆದರು.

"ಇದ್ರಲ್ಲಿ ಹೆಬ್ಬೆಟ್ಟು ಇದೆ."

"ಹೌದು," ಎಂದರು ಅತ್ತೆ. "ಹಳೇ ಚೀಟಿ ಅದು."

"ಇಲ್ಲಿ ಸಹಿ ಹಾಕಿದೀರಿ. ಎರಡೂ ಹೊಂದಬೇಕಲ್ಲಮ್ಮಾ. ಇಲ್ಲಾಂದ್ರೆ ಸಹಿ ನಿಮ್ಮದೇ ಅಂತ ನೋಟರಿಯಿಂದ ಪ್ರಮಾಣ ಬೇಕು." ಅಧಿಕಾರಿ ಗಡಿಯಾರ ನೋಡಿ, ಡ್ರಾಯರಿನಿಂದ ಮಸಿಯ ಡಬ್ಬಿ ತೆಗೆದು ಕಿಟಕಿಯ ಹೊರಗೆ ತಳ್ಳಿದರು. "ಈಗ ಅದಕ್ಕೆ ಹೊತ್ತಿಲ್ಲ. ಸಹಿ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಬಿಡಿ, ‘ಸಹಿ ಮಾಡಲು ಬಾರದವರು’ ಅಂತ ನಾನು ಷರಾ ಬರೀತೀನಿ. ನಡೆಯುತ್ತೆ."

"ಒತ್ತು ಅಮ್ಮಾ," ಎಂದ ಮೈದುನ, ಡಬ್ಬಿಯ ಮುಚ್ಚಳ ತೆರೆಯುತ್ತ.

ಅತ್ತೆ ಕೈ ಮುಂದೆ ಚಾಚಲಿಲ್ಲ.

"ಸಹಿ ಮಾಡೋಕೆ ಬರುತ್ತಲ್ಲ ನನಗೆ."

"ಬರುತ್ತಮ್ಮಾ, ಯಾರಿಲ್ಲ ಅಂದ್ರು? ಇದೊಂದು ಸಲ."

"ಬರಲ್ಲ ಅಂತ ಬರೀತಾರಂತಲ್ಲೋ. ಐವತ್ತೆರಡನೇ ವಯಸ್ಸಲ್ಲಿ ಕಲಿತೆ. ನಿಮ್ಮಪ್ಪ ಊಟ ಆದ್ಮೇಲೆ ದಿನಾ ಕೂರಿಸ್ಕೊಂಡು ಬರೆಸಿದ್ರು. ಆರು ತಿಂಗಳು. ಮತ್ತೆ ಹೆಬ್ಬೆಟ್ಟು ಒತ್ತೋಕೆ ಅಂತ ಕಲೀಲಿಲ್ಲ ನಾನು."

ಮೂರೂ ಐವತ್ತೈದು. ಮೈದುನ ಅತ್ತಿಗೆಯ ತೋಳು ಹಿಡಿದು ಪಕ್ಕಕ್ಕೆ ಎಳೆದ. ಮುಖ ಬೆವೆತಿತ್ತು. "ನೀವು ಹೇಳಿ ಅತ್ತಿಗೆ. ನೀವು ಹೇಳಿದ್ರೆ ಕೇಳ್ತಾಳೆ. ಹೆಸರು ಹೋಗುತ್ತೆ, ಸೋಮವಾರ ಹೋಗುತ್ತೆ, ಆಸ್ಪತ್ರೆ ಹೋಗುತ್ತೆ. ಒಂದು ಹೆಬ್ಬೆಟ್ಟು! ಕೈ ಮುಗೀತೀನಿ."

ನಿಜಕ್ಕೂ ಕೈ ಮುಗಿದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ತಾನು ಹೇಳಿದರೆ ಅತ್ತೆ ಬೆರಳು ಚಾಚುತ್ತಾರೆ ಎಂಬುದೂ ಅಳತೆಯಮ್ಮನಿಗೆ ಗೊತ್ತಿತ್ತು. ಚಾಚುತ್ತಾರೆ, ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವಳು ಅತ್ತೆಯನ್ನು ನೋಡಿದಳು. ಅವರು ಡಬ್ಬಿಯನ್ನಲ್ಲ, ಅವಳನ್ನೇ ನೋಡುತ್ತಿದ್ದರು. ಬೈಸಿಕೊಳ್ಳಲು ನಿಂತವರ ಹಾಗಿತ್ತು ಮುಖ.

ಬೆಳಿಗ್ಗೆಯಿಂದ ತಾನು ಮಾಡಿದ್ದಾದರೂ ಏನು? ಹೊತ್ತು ಮೀರುತ್ತಿದೆ, ಇದ್ದದ್ದನ್ನು ಇಲ್ಲ ಎಂದು ಬರೆದುಕೊಡು ಎಂದವರಿಗೆ ಆಗುವುದಿಲ್ಲ ಎಂದಳು. ಈಗ ಅದೇ ಮಾತನ್ನು ಈ ಹೆಂಗಸಿಗೆ ತಾನೇ ಹೇಳಬೇಕೆ?

ಅವಳು ಡಬ್ಬಿಯ ಮುಚ್ಚಳ ಮುಚ್ಚಿ ಒಳಕ್ಕೆ ತಳ್ಳಿದಳು. "ಬೇಡ ಮೇಡಂ. ನಾಳೆ ನೋಟರಿಯಿಂದ ಸಹಿಯ ಪ್ರಮಾಣ ಮಾಡಿಸ್ಕೊಂಡು ಬರ್ತೀವಿ."

"ಹೆಸರು ಇವತ್ತಿಗೆ ಮುಗಿಯುತ್ತಮ್ಮಾ."

"ಗೊತ್ತು."

ನಾಲ್ಕು ಗಂಟೆಗೆ ಕಿಟಕಿಯ ಪರದೆ ಇಳಿಯಿತು. ಮೈದುನ ಗೋಡೆಗೆ ಕೈಯಿಂದ ಗುದ್ದಿ, ಹಿಂದಿರುಗಿ ನೋಡದೆ ನಡೆದುಬಿಟ್ಟ. ಅತ್ತೆ ಮನೆಯವರೆಗೂ ಅಳತೆಯಮ್ಮನ ಮುಂಗೈ ಹಿಡಿದುಕೊಂಡೇ ನಡೆದರು. ಮೊಣಕಾಲು ನೋವಿಗೋ, ಬೇರೆ ಯಾವುದಕ್ಕೋ, ಅವಳು ಕೇಳಲಿಲ್ಲ.

ಸಂಜೆ ಗಂಡನ ಫೋನ್ ಬಂತು. "ಏನು, ಆಯ್ತಾ ಕಂಪನಿ?"

"ಆಗಿಲ್ಲ."

"ಯಾಕೆ?"

"ನಿಮ್ಮಮ್ಮನನ್ನ ಕೇಳಿ."

ಅತ್ತೆ ಫೋನ್ ತೆಗೆದುಕೊಂಡು ಅರ್ಧ ಗಂಟೆ ಮಾತಾಡಿದರು. ಕೊನೆಯಲ್ಲಿ ಅವನು ಹೆಂಡತಿಗೆ ಹೇಳಿದ್ದು ಇಷ್ಟೇ: "ನಾಳೆ ರಜ ಹಾಕಿ ಬರ್ಲಾ?" ಅವಳು ಬೇಡ ಎಂದಳು. ಕೇಳಿದ್ದೇ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಅವಳೂ ಅತ್ತೆಯೂ ನೋಟರಿಯ ಬಳಿ ಸಹಿಯ ಪ್ರಮಾಣ ಮಾಡಿಸಿಕೊಂಡು ಹೋದಾಗ ಮೂರನೇ ಕಿಟಕಿಯ ಸರದಿಯಲ್ಲಿ ಮೊದಲಿಗನಾಗಿ ಮೈದುನ ನಿಂತಿದ್ದ. ಬಾಗಿಲು ತೆರೆಯುವ ಮುಂಚೆಯೇ ಬಂದಿದ್ದನಂತೆ. ಮುಖ ಗಂಟಿಕ್ಕಿಕೊಂಡಿತ್ತು. ಅತ್ತಿಗೆಯನ್ನು ನೋಡಿ ಜಾಗ ಬಿಟ್ಟ.

"ಅದೇ ಹೆಸರು ಮತ್ತೆ ಸಿಗುತ್ತಾ?" ಎಂದು ಅಳತೆಯಮ್ಮ ಕೇಳಿದಳು. "ಇನ್ಯಾರೋ ಕಾಯ್ತಿದಾರೆ ಅಂದ್ರು."

ಅಧಿಕಾರಿಯ ಕೆನ್ನೆಯ ಊತ ಇಳಿದಿತ್ತು. ಕೀಲಿಮಣೆ ಒತ್ತಿ ಪರದೆ ನೋಡಿದರು. "ಯಾರೂ ಕೇಳಿಲ್ಲ. ನಿನ್ನೆಯೂ ಇಲ್ಲ, ಅದರ ಹಿಂದೆಯೂ ಇಲ್ಲ. ಹೊಸ ಅರ್ಜಿ ಕೊಡಿ, ಸಿಗುತ್ತೆ."

ಮೈದುನ ಏಜೆಂಟಿನ ಕೋಣೆಯಿರುವ ದಿಕ್ಕಿಗೆ ತಿರುಗಿ ಬಾಯಲ್ಲೇ ಏನೋ ಬೈದುಕೊಂಡ. ಅತ್ತೆಗೆ ಕೇಳಿಸಿತು. "ಸಾರ್ವಜನಿಕ ಜಾಗ ಕಣೋ," ಎಂದರು.

ಹೆಸರಿಗೆ ಎರಡು ದಿನ, ನೋಂದಣಿಗೆ ಎರಡು ದಿನ. ನಡುವೆ ಸೋಮವಾರ ಬಂತು, ಹೋಯಿತು. ಅವತ್ತು ಅಳತೆಯಮ್ಮ ಬರೀ ಅರ್ಜಿಯ ರಸೀದಿ ಹಿಡಿದು ಆಸ್ಪತ್ರೆಯ ಖರೀದಿ ವಿಭಾಗಕ್ಕೆ ಹೋದಳು. ಅಲ್ಲಿಯವರು ರಸೀದಿಯನ್ನು ತಿರುಗಿಸಿಯೂ ನೋಡಲಿಲ್ಲ. "ಪ್ರಮಾಣಪತ್ರ ಇಲ್ಲ ಅಂದ್ರೆ ಪಟ್ಟಿಯಲ್ಲಿ ಹೆಸರಿಲ್ಲ. ಮುಂದಿನ ಪಟ್ಟಿ ಆರು ತಿಂಗಳಿಗೆ." ಮೂಳೆ ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕಿ, "ನನ್ನ ಕೈಯಲ್ಲಿ ಏನೂ ಇಲ್ಲಮ್ಮಾ," ಎಂದರು. ಬೇಜಾರಾಗಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಅದರಿಂದ ಬೂಟಿನ ಕೆಲಸವೇನೂ ಬರಲಿಲ್ಲ. ಬುಧವಾರ ಪ್ರಮಾಣಪತ್ರ ಕೈಗೆ ಬಂದಾಗ ಮೂವರಲ್ಲಿ ಯಾರಿಗೂ ಹಿಗ್ಗುವ ಮನಸ್ಸಿರಲಿಲ್ಲ. ಅತ್ತೆಯೊಬ್ಬರು ಮಾತ್ರ ತಮ್ಮ ಹೆಸರಿದ್ದ ಸಾಲನ್ನು ಎರಡು ಸಲ ಓದಿದರು.

ಒಂದು ವಾರ ಮೈದುನ ಅವಳೊಡನೆ ನೇರವಾಗಿ ಮಾತಾಡಲಿಲ್ಲ. "ಅಮ್ಮಾ, ಕಂದು ಚರ್ಮ ಎಷ್ಟು ಬೇಕಂತೆ ಕೇಳು," ಎನ್ನುತ್ತಿದ್ದ, ಅವಳು ಎರಡು ಅಡಿ ದೂರದಲ್ಲಿ ಕೂತಿದ್ದರೂ. ಎಂಟನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, ಯಾರಿಗೆ ಎಂದಿಲ್ಲದೆ ಹೇಳಿದ: "ಸೇತುವೆ ಆಚೆ ಒಂದು ಸಣ್ಣ ಆಸ್ಪತ್ರೆ ಇದೆ. ಹೊಸ ಡಾಕ್ಟರು ಬಂದಿದಾರಂತೆ. ಹೋಗ್ತಿದೀನಿ."

"ನಾನೂ ಬರ್ತೀನಿ," ಎಂದಳು ಅಳತೆಯಮ್ಮ.

ಅವನು ಅನುಮಾನದಿಂದ ನೋಡಿದ. "ಕಾಯ್ಬೇಕಾಗುತ್ತೆ."

"ಕಾಯೋಣ."

ಡಾಕ್ಟರ ಕೋಣೆಯ ಹೊರಗೆ ಒಂದು ಕಬ್ಬಿಣದ ಬೆಂಚಿತ್ತು. ಒಂಬತ್ತೂವರೆಗೆ ಕೂತರು. ಹತ್ತೂವರೆಗೆ ನರ್ಸ್ ಬಂದು, ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ ಎಂದಳು. ಹನ್ನೊಂದೂವರೆಗೆ ಡಾಕ್ಟರು ಕೋಣೆಗೆ ಬಂದ ಬೆನ್ನಿಗೇ ಔಷಧಿ ಕಂಪನಿಯ ಟೈ ಕಟ್ಟಿದವನೊಬ್ಬ ಬಂದು, ಇವರನ್ನು ದಾಟಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಅಳತೆಯಮ್ಮ ಎದ್ದೇಬಿಟ್ಟಳು. ಮೈದುನ ಅವಳ ಸೆರಗಿನ ತುದಿ ಹಿಡಿದು ಕೂರಿಸಿದ. "ಹಾಗೆಲ್ಲಾ ಏಳಬಾರ್ದು ಅತ್ತಿಗೆ. ಎದ್ರೆ ನಾಳೆಯಿಂದ ಬೆಂಚೂ ಸಿಗಲ್ಲ." ಆಮೇಲೆ ಅವನೇ ಹೋಗಿ ನರ್ಸಿನ ಹತ್ತಿರ ಅವಳ ಮೊಣಕಾಲಿನದೋ ಬೆನ್ನಿನದೋ ಕಷ್ಟ ವಿಚಾರಿಸುತ್ತ ನಿಂತ. ಕಬ್ಬಿಣದ ಬೆಂಚು ಅಳತೆಯಮ್ಮನ ತೊಡೆಗೆ ಒತ್ತುತ್ತಿತ್ತು. ನೀರು ಕುಡಿಯಲು ಹೋದರೆ ಪಾಳಿ ತಪ್ಪೀತೆಂದು ಬಾಯಾರಿಕೆಯನ್ನೂ ತಡೆದಳು. ಹನ್ನೆರಡು ವರ್ಷದಿಂದ ಇವನು ವಾರಕ್ಕೆ ಮೂರು ದಿನ ಹೀಗೆ ಕೂರುತ್ತ ಬಂದಿದ್ದ, ಅವಳು ಸಂಜೆ ಅವನಿಗೆ ಕೇಳುತ್ತಿದ್ದುದು, "ಎಷ್ಟು ಚೀಟಿ ಬಂತು?" ಎಂದಷ್ಟೇ.

ಒಂದೂ ಕಾಲಿಗೆ ನರ್ಸ್ ಬಾಗಿಲಿನಿಂದ ತಲೆ ಹಾಕಿದಳು. "ಸಮಪಾದದವರು ಬನ್ನಿ. ಹತ್ತೇ ನಿಮಿಷ."

ಮೈದುನ ಎದ್ದು ಅಂಗಿ ಎಳೆದು ಸರಿ ಮಾಡಿಕೊಂಡ. "ಮೊದ್ಲು ನಾನು ಮಾತಾಡ್ತೀನಿ," ಎಂದ ಪಿಸುದನಿಯಲ್ಲಿ. "ಕಾಲಿನ ವಿಷಯ ಬಂದಾಗ ನೀವು."

ಹತ್ತು ನಿಮಿಷ ಎಂದವರು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಹೊರಗೆ ಬಂದಾಗ ಆರು ಜೊತೆ ಬೂಟಿನ ಆರ್ಡರು ಕೈಯಲ್ಲಿತ್ತು.